ಮನೆಗೆ ಹಲ್ಲು ನೋಡೋನು ಸ್ವಂತ ಮನೆ ತಗೊಂಡಾಗ

ಅಂತೂ ಮನೆ ನಮ್ದಾಯ್ತು. ಪೂರ್ತಿ ಮುಗೀತು ಅನ್ನೋಕೆ ಆಗಲ್ಲ, ಕರೆಂಟ್ ಮೀಟ್ರು ಇನ್ನೂ ಮನೆ ಮಾರಿದ ಮೇಷ್ಟ್ರ ಹೆಸರಲ್ಲೇ ಇದೆ, ಆದ್ರೆ ಬೀಗದ ಕೈ ನಮ್ಮ ಹತ್ರ ಇದೆ, ಹಾಲು ಉಕ್ಕಿಸಿದ್ದಾಯ್ತು. ದೀಪಾವಳಿ ಆದ್ಮೇಲೆ ಶುರುವಾದ ಅಲೆದಾಟ ಯುಗಾದಿವರೆಗೂ ಎಳೀತು. ಮರ್ತು ಹೋಗೋಕೆ ಮುಂಚೆ ಬರೆದಿಡೋಣ ಅಂತ, ತುಮಕೂರಲ್ಲಿ ಹಳೇ ಮನೆ ತಗೊಳ್ಳೋಕೆ ಹೊರಟಿರೋರು ಯಾರಾದ್ರೂ ಓದಿದ್ರೆ ನಾನು ಬಿದ್ದ ಗುಂಡಿಗೇ ಅವ್ರು ಬೀಳೋದು ಬೇಡ.

ಮೊದ್ಲು ನನ್ನ ಕೆಲ್ಸದ ಬಗ್ಗೆ ಹೇಳ್ಬೇಕು, ಇಲ್ಲಾಂದ್ರೆ ಇದ್ರಲ್ಲಿರೋ ತಮಾಷೆ ಗೊತ್ತಾಗಲ್ಲ. ನಾನು ಸಿವಿಲ್ ಡಿಪ್ಲೊಮಾ, ಹನ್ನೆರಡು ವರ್ಷ ಸೈಟಲ್ಲಿ ಸೂಪರ್‌ವೈಸರ್ ಆಗಿದ್ದೆ, ಈಗ ಐದು ವರ್ಷದಿಂದ ಮನೆ ಕೊಳ್ಳೋರ ಪರವಾಗಿ ಮನೆ ಚೆಕ್ ಮಾಡಿ ರಿಪೋರ್ಟ್ ಬರೆದು ಕೊಡ್ತೀನಿ. ಕಾರ್ಡಲ್ಲಿ ಹೋಮ್ ಇನ್‌ಸ್ಪೆಕ್ಟರ್ ಅಂತ ಹಾಕ್ಸಿದೀನಿ, ಕ್ಯಾತ್ಸಂದ್ರದಲ್ಲಿ ಒಬ್ರು ಅಜ್ಜಿ ಅದನ್ನ ಕೇಳಿ ಪೊಲೀಸ್ನೋರು ಬಂದವ್ರೆ ಅಂತ ಮೊಮ್ಮಗನ್ನ ಹಿತ್ಲಿಗೆ ಕಳ್ಸಿದ್ರು. ಈ ಕೆಲ್ಸಕ್ಕೆ ಸರ್ಕಾರದ ಲೈಸೆನ್ಸ್ ಅಂತ ಏನೂ ಇಲ್ಲ, ಬ್ಯಾಗಲ್ಲಿ ಇರೋ ಸಾಮಾನು ಮತ್ತೆ ಕಣ್ಣು, ಅಷ್ಟೇ ಬಂಡವಾಳ. ತೂಗುಗುಂಡು, ಮಟ್ಟಗೋಲು, ತೇವ ನೋಡೋ ಮೀಟ್ರು, ಸಾಕೆಟ್ ಟೆಸ್ಟರು, ಟೈಲ್ಸ್ ತಟ್ಟಿ ನೋಡೋಕೆ ಒಂದು ಕಬ್ಬಿಣದ ಕಡ್ಡಿ, ನೀರಲ್ಲಿ ಕರಗಿರೋ ಲವಣ ಅಳೆಯೋಕೆ ಟಿಡಿಎಸ್ ಮೀಟ್ರು, ಟಾರ್ಚು, ದಿಕ್ಕು ನೋಡೋಕೆ ಒಂದು ಕಂಪಾಸು. ಈ ಕಂಪಾಸನ್ನ ನೆನಪಿಟ್ಕೊಳ್ಳಿ, ಆಮೇಲೆ ಬರುತ್ತೆ.

ಕರೆಯೋರು ಹೆಚ್ಚಾಗಿ ಬೆಂಗ್ಳೂರಲ್ಲಿ ಕೆಲ್ಸ ಮಾಡ್ಕೊಂಡು ಇಲ್ಲಿ ಅಪ್ಪ ಅಮ್ಮನಿಗೆ ಮನೆ ನೋಡ್ತಿರೋರು. ಒಂದು ಮನೆಗೆ ನಾಲ್ಕರಿಂದ ಆರು ಸಾವಿರ ತಗೋತೀನಿ, ಅರ್ಧ ದಿನ ಮನೆ ನೋಡೋಕೆ, ಇನ್ನರ್ಧ ದಿನ ರಿಪೋರ್ಟಿಗೆ. ಬ್ರೋಕರ್‌ಗಳಿಗೆ ನನ್ನ ಕಂಡ್ರೆ ಆಗಲ್ಲ, ಅದು ಬಿಡಿ. ಕಷ್ಟ ಆಗೋದು ಮನೆಯವ್ರು ಕಾಫಿ ಕೊಟ್ಟಾಗ. ಕಾಫಿ ಕುಡ್ದು ಲೋಟ ಇಟ್ಟು ನಿಮ್ಮ ಬಾತ್‌ರೂಮ್ ಕೆಳಗಿನ ರೂಮಿಗೆ ಸೋರ್ತಿದೆ ಅಂತ ಬರೀಬೇಕಲ್ಲ. ಮತ್ತೆ ಹೊಸ ಪೇಂಟ್ ವಾಸ್ನೆ ಬಂದ್ರೆ ನಂಗೆ ಒಳಗೊಳಗೇ ಅನುಮಾನ ಶುರು, ಮಾರೋ ಮನೆಗೆ ಒಂದೇ ಒಂದು ಗೋಡೆಗೆ ಮಾತ್ರ ಹೊಸ ಪೇಂಟ್ ಬಳ್ದಿದ್ರೆ ಆ ಗೋಡೇನೇ ಮೊದ್ಲು ಮುಟ್ಟಿ ನೋಡಿ.

ಇಷ್ಟೆಲ್ಲಾ ಊರಿನ ಮನೆ ನೋಡ್ಕೊಂಡು ಬಂದು ನಾನು ಮಲಗ್ತಿದ್ದಿದ್ದು ಬಾಡಿಗೆ ಮನೇಲಿ. ನನ್ನ ಹೆಂಡ್ತಿ ರಿಪೋರ್ಟ್ ಟೈಪ್ ಮಾಡೋವಾಗೆಲ್ಲಾ ಹೇಳೋಳು, "ರೀ, ಊರೋರ ಮನೆ ಸೋರೋದೆಲ್ಲಾ ಗೊತ್ತು ನಿಮ್ಗೆ, ಸೋರೋ ಅಂಥದ್ದಾದ್ರೂ ಒಂದು ನಮ್ದು ಅಂತ ಇಲ್ವಲ್ಲ" ಅಂತ.

ಮನೆ ಸಿಕ್ಕಿದ್ದು ಉಪ್ಪಾರಹಳ್ಳಿ ಕಡೆ. 30/40 ಸೈಟು, ಒಂಬತ್ತು ಚದರದ ಮನೆ, 1998ರಲ್ಲಿ ಸೈಟ್ ತಗೊಂಡು ಮುಂದಿನ ವರ್ಷ ಕಟ್ಟಿದ್ದು, ಸೈಜುಗಲ್ಲಿನ ಪಾಯ, ಮೋಲ್ಡ್ ಸೂರು, ಮುಂದೆ ಎರಡು ತೆಂಗಿನ ಮರ ಒಂದು ದಾಸವಾಳ. ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಮಗನ ಹತ್ರ ಬೆಂಗ್ಳೂರಿಗೆ ಹೋಗೋಕೆ ಮಾರ್ತಿದ್ರು. ಬ್ರೋಕರ್ ಇಲ್ಲ, ನಂಗೆ ಪರಿಚಯದ ಗಾರೆ ಮೇಸ್ತ್ರಿ ಹೇಳಿದ್ದು. 48 ಲಕ್ಷ ಅಂದ್ರು.

ಇಲ್ಲಿ ಒಂದು ನಿಜ ಹೇಳ್ತೀನಿ. ಒಳಗೆ ಕಾಲಿಟ್ಟು ಹಾಲಲ್ಲಿ ರೆಡ್ ಆಕ್ಸೈಡ್ ನೆಲ ನೋಡಿದ ತಕ್ಷಣ ನನ್ನ ಕಣ್ಣು ಕೆಲ್ಸ ಮಾಡೋದು ನಿಲ್ಲಿಸ್ತು. ಬೇರೆಯವ್ರ ಮನೇಲಿ ಮೊದಲ ಹತ್ತು ನಿಮಿಷದಲ್ಲಿ ಹತ್ತು ತಪ್ಪು ಕಾಣ್ಸುತ್ತೆ, ಇಲ್ಲಿ ಅರ್ಧ ಗಂಟೆ ಓಡಾಡಿ ಬಂದು ಏನಪ್ಪಾ ನೋಡ್ದೆ ಅಂದ್ರೆ ದಾಸವಾಳ ನೋಡಿದೀನಿ. ರಾತ್ರಿ ಯೋಚ್ನೆ ಮಾಡಿ ಜೊತೆಗೆ ಓದಿದ ಗೆಳೆಯನಿಗೆ ಫೋನ್ ಮಾಡ್ದೆ, ಶಿರಾದಲ್ಲಿ ಕಂಟ್ರಾಕ್ಟರು. "ಲೋ, ನೀನು ಬಂದು ನೋಡು, ನಾನು ನೋಡೋಕಾಗ್ತಿಲ್ಲ" ಅಂದೆ. ಹತ್ತು ಸೆಕೆಂಡ್ ನಕ್ಕು ಬಂದ. ನನ್ನ ಫೀಸೇ ಕೊಡ್ಬೇಕು ಅಂತ ಹಠ ಮಾಡ್ದ, ಕೊನೆಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಒಪ್ಕೊಂಡ.

ಅವನು ಹಿಡಿದಿದ್ದು: ಬಾತ್‌ರೂಮ್ ಪಕ್ಕದ ಗೋಡೆ ನೆಲದಿಂದ ಒಂದೂವರೆ ಅಡಿವರೆಗೆ ತೇವ. ತಾರಸಿ ವಾಟ ತಪ್ಪಿ ನೀರು ಮೆಟ್ಟಿಲ ಕಡೆಗೇ ಬರುತ್ತೆ. ಅಡುಗೆಮನೆ ಸಜ್ಜದ ಕೆಳಗೆ ಕಾಂಕ್ರೀಟ್ ಉದುರಿ ಕಬ್ಬಿಣ ತುಕ್ಕು ಹಿಡ್ದು ಕಾಣ್ತಿದೆ. ಅರ್ತಿಂಗ್ ಗುಂಡಿನೇ ಇಲ್ಲ, ಯಾವನೋ ಅರ್ತ್ ವೈರನ್ನ ಹಳೇ ನೀರಿನ ಪೈಪಿಗೆ ಸುತ್ತಿದಾನೆ, ಆ ಪೈಪ್ ಈಚೆಗೆ ಪ್ಲಾಸ್ಟಿಕ್‌ಗೆ ಬದಲಾಗಿದೆ ಅಂದ್ರೆ ಅರ್ತ್ ಎಲ್ಲಿಗೆ ಹೋಗ್ಬೇಕು. ಶಾಕ್ ಹೊಡೆದ್ರೆ ಕಟ್ ಆಗೋ ಆರ್‌ಸಿಸಿಬಿ ಇಲ್ಲ. ಹಳೇ ಮನೆ ತಗೊಳ್ಳೋರು ಗೋಡೆ ಬಿರುಕು ನೋಡ್ತಾರೆ ಹೊರತು ಇದನ್ನ ನೋಡೋದೇ ಇಲ್ಲ, ಬಿರುಕು ಯಾರನ್ನೂ ಒಂದೇ ಸಲಕ್ಕೆ ಸಾಯ್ಸಲ್ಲ, ಗೀಸರ್ ಸಾಯ್ಸುತ್ತೆ. ಒಂದು 30 ಮಿಲಿಆಂಪ್ ಆರ್‌ಸಿಸಿಬಿ ಹಾಕ್ಸಿ, ಇದ್ದಿಲು ಉಪ್ಪು ಹಾಕಿ ಒಂದು ಅರ್ತ್ ಗುಂಡಿ ಮಾಡ್ಸಿ, ಮಿಕ್ಕಿದ್ದು ಆಮೇಲೆ.

ಬಿರುಕು ಇರ್ಲಿಲ್ಲ ಅಂತಲ್ಲ. ಹಿಂದಿನ ರೂಮಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಹೋಗಿತ್ತು. ಓರೆ ಬಿರುಕು ಅಂದ್ರೆ ಪಾಯ ಕೂತಿರ್ಬೋದು ಅಂತ ಭಯ, ಆ ಬಯಲು ಮುಂಚೆ ಗದ್ದೆ ಅಂತ ಬೇರೆ ಅಕ್ಕಪಕ್ಕದವ್ರು ಹೇಳಿದ್ರು. ಇದಕ್ಕೆ ಒಂದು ಹಳೇ ಉಪಾಯ ಇದೆ, ಬಿರುಕಿಗೆ ಅಡ್ಡಲಾಗಿ ಸಣ್ಣ ಗಾಜಿನ ಪಟ್ಟಿ ಗಟ್ಟಿಯಾಗಿ ಅಂಟಿಸಿ ತಾರೀಖು ಬರೆದು ಬಿಡೋದು, ಬಿರುಕು ಇನ್ನೂ ಬಾಯಿ ಬಿಡ್ತಿದ್ರೆ ಗಾಜು ಚಿಟ್ ಅಂತ ಒಡೆಯುತ್ತೆ. ಮೇಷ್ಟ್ರು ಒಪ್ಕೊಂಡ್ರು, ದಿನಾ ಬೆಳಿಗ್ಗೆ ನೋಡಿ ನಂಗೆ ಫೋನ್ ಮಾಡೋರು, "ಗಾಜು ಕ್ಷೇಮವಾಗಿದೆ ಕಣಪ್ಪಾ" ಅಂತ. ಮೂರು ವಾರ ಕ್ಷೇಮವಾಗಿತ್ತು. ನಡುವೆ ಸೈಕ್ಲೋನ್ ಮಳೆ ಎರಡು ದಿನ ಜಿನುಗಿತು, ರಾತ್ರಿ ಒಂಬತ್ತು ಗಂಟೆಗೆ ಕೊಡೆ ಹಿಡ್ಕೊಂಡು ಹೋಗಿ ನೋಡ್ಬಂದೆ. ಮನೇನ ಬಿಸಿಲಲ್ಲಿ ಒಂದ್ಸಲ ನೋಡಿದ್ರೆ ಮಳೇಲಿ ಎರಡು ಸಲ ನೋಡಿ. ಇದನ್ನ ನಾನು ಗಿರಾಕಿಗಳಿಗೆ ಹೇಳ್ತಾನೇ ಇದ್ದೆ, ಮಾಡಿದ್ದು ಇದೇ ಮೊದ್ಲು.

ನೀರು ಬೋರ್‌ದು ಟಿಡಿಎಸ್ 940 ತೋರಿಸ್ತು. ಕುಡಿಯೋ ನೀರಿನ ಮಾನದಂಡ ಐಎಸ್ 10500 ಪ್ರಕಾರ 500 ಇದ್ರೆ ಒಳ್ಳೇದು, ಬೇರೆ ದಾರಿ ಇಲ್ಲಾಂದ್ರೆ 2000ದವರೆಗೆ ಅಡ್ಡಿಯಿಲ್ಲ, ಆದ್ರೆ ಟಿಡಿಎಸ್ ಮೀಟ್ರು ಫ್ಲೋರೈಡ್ ಹೇಳಲ್ಲ, ಅದಕ್ಕೆ ಲ್ಯಾಬಿಗೇ ಕೊಡ್ಬೇಕು, ನಮ್ಮ ಜಿಲ್ಲೇಲಿ ಪಾವಗಡ ಕಡೆ ಜನ ಅನುಭವಿಸಿರೋದು ಗೊತ್ತಲ್ಲ. ಕುಡಿಯೋಕೆ ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರು ನಲ್ಲೀಲಿ ಬರುತ್ತೆ, ಆ ಬೀದಿಗೆ ಮೂರು ದಿನಕ್ಕೊಂದು ಸಲ, ಅದಕ್ಕೆ ಸಂಪು ಬಿರುಕು ಬಿಟ್ಟಿದ್ಯಾ ಅಂತ ಒಳಗೆ ಇಳ್ದು ನೋಡಿದ್ವಿ.

ರಿಪೇರಿಗೆ 1 ಲಕ್ಷ 60 ಸಾವಿರ ಲೆಕ್ಕ ಬಂತು. ಕಾಗದದಲ್ಲಿ ಬರೆದು ಮೇಷ್ಟ್ರ ಮುಂದೆ ಇಟ್ಟೆ. ಅವ್ರು ಕನ್ನಡಕ ಹಾಕ್ಕೊಂಡು ಪರೀಕ್ಷೆ ಪೇಪರ್ ತಿದ್ದೋ ಹಾಗೆ ಒಂದೊಂದೂ ಓದಿ, ಎರಡು ಕಡೆ ಕಾಗುಣಿತ ತಪ್ಪು ಸರಿ ಮಾಡಿ, "46 ಕೊಡಿ" ಅಂದ್ರು. ಧನುರ್ಮಾಸ ಹಿಡಿಯೋಕೆ ಮುಂಚೆ ಅಡ್ವಾನ್ಸ್ ಕೊಟ್ಬಿಡಿ ಅಂತ ನಮ್ಮತ್ತೆ ಗಡಿಬಿಡಿ, ಡಿಸೆಂಬರ್ ಹತ್ತಕ್ಕೆ 2 ಲಕ್ಷ ಅಡ್ವಾನ್ಸು, ಮೂರು ತಿಂಗಳಿಗೆ ಕರಾರು. ಮೂರು ತಿಂಗ್ಳು ಬೇಜಾನ್ ಆಯ್ತು ಅಂದ್ಕೊಂಡೆ.

ಇಲ್ಲಿವರೆಗೂ ನಂಗೆ ಗೊತ್ತಿರೋ ಲೋಕ. ಇಲ್ಲಿಂದ ಮುಂದೆ ಕಾಗದದ ಲೋಕ, ಅಲ್ಲಿ ತಟ್ಟಿ ನೋಡೋಕೆ ಕಡ್ಡಿ ಇಲ್ಲ.

ಬ್ಯಾಂಕ್ ಲೋನಿಗೆ ಹಾಕಿದ್ವಿ. ನನ್ನ ಲೆಕ್ಕ 46ರಲ್ಲಿ 80 ಪರ್ಸೆಂಟ್, ಅಂದ್ರೆ 36 ಲಕ್ಷ 80 ಸಾವಿರ. ಇದು ಎಲ್ಲರೂ ಮಾಡೋ ತಪ್ಪು. 30 ಲಕ್ಷದ ಮೇಲೆ 75 ಲಕ್ಷದವರೆಗಿನ ಸಾಲಕ್ಕೆ 80 ಪರ್ಸೆಂಟ್ ಅನ್ನೋದು ರಿಸರ್ವ್ ಬ್ಯಾಂಕ್ ಹಾಕಿರೋ ಮಿತಿ, ಮತ್ತೆ ಬ್ಯಾಂಕು ನೋಡೋದು ನಿಮ್ಮ ವ್ಯಾಪಾರದ ರೇಟಲ್ಲ, ಅವ್ರ ವ್ಯಾಲ್ಯುಯೇಷನ್ನು ಮತ್ತೆ ನಿಮ್ಮ ರೇಟು, ಎರಡರಲ್ಲಿ ಯಾವ್ದು ಕಮ್ಮಿನೋ ಅದು. ಮನೆಗೆ 27 ವರ್ಷ ಆಗಿದೆ ಅಂತ ಕಟ್ಟಡದ ಬೆಲೆ ಇಳ್ಸಿ 43 ಲಕ್ಷ ಅಂತ ವ್ಯಾಲ್ಯುಯೇಷನ್ ಬಂತು. ಅಲ್ಲಿಗೆ ಸಾಲ 34 ಲಕ್ಷ 40 ಸಾವಿರ. 2 ಲಕ್ಷ 40 ಸಾವಿರ ಒಂದೇ ಏಟಿಗೆ ಕಮ್ಮಿ. ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ದುಡ್ಡಿಗೆ ಸಾಲ ಕೊಡಲ್ಲ, ಅದೂ ಕೈಯಿಂದ್ಲೇ. ಹೆಂಡ್ತಿ ಏನೂ ಮಾತಾಡ್ದೆ ಬಳೆ ಬಿಚ್ಚಿ ಮೇಜಿನ ಮೇಲೆ ಇಟ್ಳು. ಅವತ್ತು ನಾನು ಊಟ ಮಾಡ್ಲಿಲ್ಲ, ಅವಳು ಮಾಡಿದ್ಳು.

ಲಾಯರ್ 30 ವರ್ಷದ ಇಸಿ, ಅಂದ್ರೆ ಆಸ್ತಿ ಮೇಲೆ ಏನೇನು ಸಾಲ, ವ್ಯವಹಾರ ರಿಜಿಸ್ಟರ್ ಆಗಿದೆ ಅಂತ ತೋರ್ಸೋ ಪತ್ರ, ಕೇಳಿದ್ರು. 2004ರ ಏಪ್ರಿಲ್‌ನಿಂದ ಈಚೆಗಿನದು ರಿಜಿಸ್ಟ್ರೇಷನ್ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಮನೇಲೇ ಕೂತು ತಗೋಬೋದು, ಅದಕ್ಕೂ ಹಿಂದಿನದು ಪುಸ್ತಕ ತೆಗೆದು ನೋಡಿ ಬರೀಬೇಕು, ಅದಕ್ಕೆ ಅರ್ಜಿ ಬೇರೆ, ಕಾಯೋದು ಬೇರೆ. ಅದನ್ನ ಅಡ್ವಾನ್ಸ್ ಕೊಡೋಕೆ ಮುಂಚೆನೇ ಹಾಕ್ಬಿಡಿ, ನಮ್ಮ ಹತ್ತು ದಿನ ಅಲ್ಲೇ ಹೋಯ್ತು. ಇ-ಖಾತಾ, ಅಂದ್ರೆ ಆಸ್ತಿಯ ಆನ್‌ಲೈನ್ ಖಾತೆ, ಮೇಷ್ಟ್ರು ಮೊದ್ಲೇ ಮಾಡ್ಸಿಟ್ಟಿದ್ರು, ಪುಣ್ಯ, ಈಗ ಅದಿಲ್ದೆ ರಿಜಿಸ್ಟ್ರೇಷನ್ ಮುಂದಕ್ಕೇ ಹೋಗಲ್ಲ.

ಜನವರಿ 21, ಈ ತಾರೀಖು ತುಮಕೂರಿನೋರಿಗೆ ಹೇಳೋದೇ ಬೇಡ, 2019ರಲ್ಲಿ ದೊಡ್ಡ ಬುದ್ಧಿಯೋರು, ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ, ಲಿಂಗೈಕ್ಯರಾದ ದಿನ, ಬಿ.ಎಚ್. ರೋಡಲ್ಲಿ ಮಠದ ಕಡೆಗೆ ಜನವೋ ಜನ. ಬ್ಯಾಂಕಿನ ವ್ಯಾಲ್ಯುಯರ್ ಆ ಜನದಲ್ಲಿ ಸಿಕ್ಕಾಕ್ಕೊಂಡು ಹತ್ತಕ್ಕೆ ಬರೋರು ಒಂದಕ್ಕೆ ಬಂದ್ರು. ಅಳತೆ ಎಲ್ಲಾ ಮುಗ್ಸಿ, ಪೇಪರ್ ಮೇಲೆ ಸ್ಕೆಚ್ ಹಾಕ್ತಾ ಕ್ರಯಪತ್ರದ ಜೆರಾಕ್ಸ್ ತಿರುವಿ, ಒಂದ್ಸಲ ಬಾಗಿಲು ನೋಡಿದ್ರು, ಒಂದ್ಸಲ ಸೂರ್ಯನ್ನ ನೋಡಿದ್ರು.

"ಸಾರ್, ಪತ್ರದಲ್ಲಿ ಪೂರ್ವಕ್ಕೆ ರಸ್ತೆ ಅಂತ ಇದೆ. ಇಲ್ಲಿ ರಸ್ತೆ ಪಶ್ಚಿಮಕ್ಕಿದೆಯಲ್ಲ?"

ನಂಗೆ ಒಂದು ಕ್ಷಣ ಏನೂ ತೋಚಲಿಲ್ಲ. ಯಾಕಂದ್ರೆ ಆ ಮನೆ ಪಶ್ಚಿಮದ ಬಾಗಿಲು ಅಂತ ನಮ್ಮನೇಲಿ ಒಂದು ವಾರ ರಾಮಾಯಣ ಆಗಿತ್ತು, ಅತ್ತೆ ಬೇಡ ಅಂತ, ನಾನು ಕಂಪಾಸ್ ಇಟ್ಟು ತೋರ್ಸಿ ಡಿಗ್ರಿ ಲೆಕ್ಕ ಹೇಳಿ, ಪುರೋಹಿತರ ಹತ್ರ ಕೇಳಿ ಆಯ ಸರಿಯಿದೆ ಅಂತ ಒಪ್ಸಿದ್ದೆ. ಒಂದು ವಾರ ದಿಕ್ಕಿನ ಬಗ್ಗೆನೇ ಮಾತಾಡಿದ ಮನುಷ್ಯ ಪತ್ರದಲ್ಲಿರೋ ದಿಕ್ಕು ಓದಿಲ್ಲ. 1998ರಲ್ಲಿ ಯಾರೋ ಬರೆಯೋವಾಗ ಪೂರ್ವ ಪಶ್ಚಿಮ ಅದಲು ಬದಲು ಮಾಡಿದಾರೆ, ಮೇಷ್ಟ್ರು 27 ವರ್ಷ ಅದನ್ನ ಬೀರುವಲ್ಲಿ ಭದ್ರವಾಗಿ ಇಟ್ಟಿದಾರೆ, ಇ-ಖಾತಾದಲ್ಲೂ ಅದೇ ಬಂದಿದೆ, ಪತ್ರದಲ್ಲಿ ಇದ್ದಿದ್ದೇ ತಾನೇ ಅಲ್ಲಿಗೂ ಏರೋದು.

ಚಕ್ಕುಬಂದಿ, ಅಂದ್ರೆ ಪತ್ರದಲ್ಲಿ ಬರೆದಿರೋ ನಾಲ್ಕೂ ದಿಕ್ಕಿನ ಗಡಿ, ತಪ್ಪಿದ್ರೆ ಏನಾಗುತ್ತೆ ಅಂತ ಉಡಾಫೆ ಮಾಡ್ಬೇಡಿ. ಕಾಗದದ ಪ್ರಕಾರ ಪಶ್ಚಿಮಕ್ಕೆ ಇರೋದು ಪಕ್ಕದವ್ರ ಸೈಟು, ಅಂದ್ರೆ ನಮ್ಮ ಗೇಟಿರೋ ಜಾಗದಲ್ಲಿ ಕಾಗದದಲ್ಲಿ ಗೇಟೇ ಇಲ್ಲ. ಬ್ಯಾಂಕು ತಿದ್ದುಪಡಿ ಪತ್ರ ತನ್ನಿ ಅಂತು. ಅಳತೆ ಬದಲಾಗಲ್ಲ, ಸರ್ವೆ ನಂಬರ್ ಬದಲಾಗಲ್ಲ, ದಿಕ್ಕು ಮಾತ್ರ ತಿದ್ದೋದು, ಶುಲ್ಕನೂ ಅಂಥದ್ದೇನಿಲ್ಲ. ಆದ್ರೆ ಅವತ್ತು ಸೈಟ್ ಮಾರಿದೋರೂ ಬಂದು ಸಹಿ ಹಾಕ್ಬೇಕು. ಮಾರಿದೋರು ತೀರ್ಕೊಂಡು ಹದಿನಾಲ್ಕು ವರ್ಷ. ಹಾಗಾದ್ರೆ ವಾರಸುದಾರರು ಎಲ್ಲಾರೂ ಬರ್ಬೇಕು ಅಂದ್ರು ಲಾಯರ್.

ಗೋಡೆ ತಪ್ಪಾದ್ರೆ ಸಿಮೆಂಟ್ ತಂದು ಸರಿ ಮಾಡ್ಬೋದು. ಕಾಗದ ತಪ್ಪಾದ್ರೆ ಮನುಷ್ಯರನ್ನ ಹುಡುಕ್ಬೇಕು.

ಮೇಷ್ಟ್ರಿಗೂ ಎಪ್ಪತ್ತು ದಾಟಿದೆ, ಸ್ಕೂಟರ್ ಹಿಂದೆ ಕೂರಿಸ್ಕೊಂಡು ಹೊರಟೆ. ಸೈಟ್ ಮಾರಿದೋರ ದೊಡ್ಡ ಮಗ ಕೊರಟಗೆರೆ ಕಡೆ ಹಳ್ಳೀಲಿ ತೋಟ ಮಾಡ್ಕೊಂಡಿದಾರೆ ಅಂತ ಅಡಿಕೆ ವ್ಯಾಪಾರಿ ಒಬ್ರಿಂದ ಗೊತ್ತಾಯ್ತು. ಅವ್ರು ಒಳ್ಳೆ ಮನುಷ್ಯ, ಮಜ್ಜಿಗೆ ಕೊಟ್ಟು, ಅಪ್ಪನ ಡೆತ್ ಸರ್ಟಿಫಿಕೇಟ್ ಕೊಟ್ಟು, ನಾಡಕಚೇರೀಲಿ ವಂಶವೃಕ್ಷಕ್ಕೆ ಅರ್ಜಿ ಹಾಕೋಕೆ ಜೊತೆಗೇ ಬಂದ್ರು. ಇಬ್ರು ಗಂಡು ಒಬ್ರು ಹೆಣ್ಣು ಅಂತ ಬಂತು. ತಮ್ಮ ಎಲ್ಲಿದಾರೆ ಅಂದ್ರೆ, "ಅವನು ಈಗ ಮನೇಲಿ ಎಲ್ಲಿ ಸಿಗ್ತಾನೆ, ದನದ ಜಾತ್ರೆ ಹಿಡ್ಕೊಂಡಿದೆ, ಹೋರಿ ಕಟ್ಕೊಂಡು ಗಂಗೇಲಿ ಬಿದ್ದಿರ್ತಾನೆ" ಅಂದ್ರು. ಫೋನ್ ಮಾಡಿದ್ರೆ ರಿಂಗಾಗುತ್ತೆ, ಎತ್ತಲ್ಲ.

ಶಿವರಾತ್ರಿಗೆ ಸಿದ್ಧಗಂಗೆ ದನಗಳ ಜಾತ್ರೆ ನೋಡಿದೋರಿಗೆ ಗೊತ್ತು, ಅಲ್ಲಿ ಒಬ್ಬ ಮನುಷ್ಯನ್ನ ಹುಡುಕೋದು ಅಂದ್ರೆ ರಾಗಿ ರಾಶೀಲಿ ಸಾಸಿವೆ ಆರಿಸೋ ಕೆಲ್ಸ. ಸಾಲು ಸಾಲು ಪೆಂಡಾಲು, ಹಳ್ಳಿಕಾರ್ ಜೋಡಿಗಳು, ಕೊಂಬಿಗೆ ಎಣ್ಣೆ, ಹಣೆಗೆ ಕುಚ್ಚು, ಹುಲ್ಲಿನ ಗಾಡಿ, ವಸ್ತುಪ್ರದರ್ಶನದ ಕಡೆಯಿಂದ ಮೈಕು. ಎರಡು ದಿನ ಅಲೆದ್ವಿ. ಮೇಷ್ಟ್ರಿಗೆ ಅದೇ ಖುಷಿ, ಹಳೇ ಶಿಷ್ಯಂದಿರು ಸಿಕ್ಕಿ ಕಾಲಿಗೆ ಬೀಳೋರು, ಪ್ರತಿಯೊಬ್ಬನ ಜೊತೆನೂ ಹತ್ತು ನಿಮಿಷ ಮಾತು, ನಂಗೆ ಒಳಗೆ ಕುದಿಯೋದು, ಕರಾರಿನ ದಿನ ಎಣಿಸ್ತಾ ನಿಂತಿರೋದು. ಹಸಿವಾದಾಗ ಮಠದ ದಾಸೋಹಕ್ಕೆ ಹೋಗಿ ಕೂತು ಉಂಡು ಬರೋದು. ಕೊನೆಗೆ ಆ ಶಿಷ್ಯರಲ್ಲೇ ಒಬ್ಬ ಕರ್ಕೊಂಡು ಹೋಗಿ ನಿಲ್ಸಿದ, ಅಲ್ಲಿಗೆ ನಂಗೆ ನಾಚ್ಕೆ ಆಯ್ತು.

ತಮ್ಮ ಆಗ ಟವೆಲ್ ಕೆಳಗೆ ಕೈ ಇಟ್ಕೊಂಡು ಬೆರಳು ಹಿಡ್ದು ವ್ಯಾಪಾರ ಮಾಡ್ತಿದ್ರು, ಮಧ್ಯ ಮಾತಾಡ್ಸೋ ಹಾಗಿಲ್ಲ. ಕಾಲು ಗಂಟೆ ನಿಂತೆ. ವ್ಯಾಪಾರ ಮುರೀತು. ನಾನು ವಿಷ್ಯ ಹೇಳ್ದೆ, ಅವ್ರು ಬೀಡಿ ಹಚ್ಚಿ ಪೂರ್ತಿ ಕೇಳಿಸ್ಕೊಂಡ್ರು, ನಿಮ್ಗೇನು ಕೆಲ್ಸ ಅಂದ್ರು. ಮನೆ ತಗೊಳ್ಳೋರಿಗೆ ಮನೆ ನೋಡ್ಕೊಡ್ತೀನಿ ಅಂದೆ.

"ಅಂದ್ರೆ ನಾವು ಸುಳಿ ನೋಡ್ತೀವಿ, ಹಲ್ಲು ನೋಡ್ತೀವಿ, ನಡ್ಸಿ ನೋಡ್ತೀವಲ್ಲ ಹಂಗೆ. ಮನೆಗೆ ಹಲ್ಲು ನೋಡೋನು ಅನ್ನು."

"ಹೂಂ ಕಣಣ್ಣ."

"ಸುಳಿ ನೋಡೋದು ಮರ್ತಿದೀಯ" ಅಂದು ನಕ್ರು. ಸಹಿಗೆ ಬರ್ತೀನಿ ಆದ್ರೆ ಜಾತ್ರೆ ಮುಗಿಯೋವರೆಗೂ ಕಾಲು ಕೀಳಲ್ಲ ಅಂತ ಖಡಾಖಂಡಿತ ಹೇಳಿದ್ರು. ತೇರು ಎಳೆದಾದ್ಮೇಲೆ ಅಂತಾಯ್ತು.

ಅಕ್ಕನೇ ಕಷ್ಟ ಆಗಿದ್ದು, ಮತ್ತೆ ಅದ್ರಲ್ಲಿ ಅವ್ರ ತಪ್ಪೇನೂ ಇಲ್ಲ. ಶಿರಾ ಹತ್ರ ಇರೋದು. ಬಾಗಿಲಲ್ಲೇ ನಿಲ್ಸಿ ಮಾತಾಡಿದ್ರು. ಹಿಂದೆ ಒಂದ್ಸಲ ಜಮೀನಿನ ವಿಷ್ಯಕ್ಕೆ ಬಾ ಅಂತ ಕರೆದು ಪಾಲು ಬಿಟ್ಕೊಡೋ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ರಂತೆ, ಅವತ್ತಿಂದ ಕಾಗದ ಅಂದ್ರೆ ಅವ್ರಿಗೆ ಹಾವು ಕಂಡ ಹಾಗೆ. "ಇದಕ್ಕೆ ಒತ್ತಿದ್ರೆ ನಂದು ಇನ್ನೇನು ಹೋಗ್ತದೆ?" ಅಂತ ಕೇಳಿದ್ರು. ನಾನು ಏನೂ ಹೋಗಲ್ಲ ಅಕ್ಕಾ ಅಂತ ಬಾಯಲ್ಲಿ ಹೇಳಿದ್ರೆ ಯಾಕೆ ನಂಬ್ತಾರೆ. ಕರಡು ಪ್ರತಿ ತೆಗೆದು ಜಗಲಿ ಮೇಲೆ ಕೂತು ಅಕ್ಷರ ಬಿಡದೆ ಓದಿದೆ, ಮೇಷ್ಟ್ರು ಒಂದೊಂದು ಸಾಲಿಗೂ ಅರ್ಥ ಹೇಳಿದ್ರು, ಪೂರ್ವ ಅಂದ್ರೆ ಆ ಹುಣಸೆ ಮರದ ಕಡೆ ಅಂತ ಕೈ ತೋರ್ಸಿ. ಅವ್ರ ಮೊಮ್ಮಗಳು ಪಿಯುಸಿ ಓದ್ತಿದ್ಳು, ಅವಳ ಕೈಗೂ ಕೊಟ್ಟು ಓದ್ಸಿದ್ವಿ. ಎರಡನೇ ಸಲ ಹೋದಾಗ ಒಳಗೆ ಕರೆದ್ರು. ಮೂರನೇ ಸಲ ಫೋನ್ ಅವ್ರೇ ಮಾಡಿದ್ರು, ಯಾವತ್ತು ಬರ್ಬೇಕು ಅಂತ. ನಿಮಗೂ ಹೀಗೆ ಯಾರ ಸಹಿನಾದ್ರೂ ಬೇಕಾದ್ರೆ ಹೆಣ್ಮಕ್ಕಳನ್ನ ಕೊನೆಗೆ ಇಟ್ಕೋಬೇಡಿ, ಮೊದ್ಲು ಅವ್ರ ಮನೆಗೇ ಹೋಗಿ, ಕರಡು ತಗೊಂಡು ಹೋಗಿ, ಅವ್ರ ಕಡೆಯವ್ರು ಯಾರಾದ್ರೂ ಓದ್ಲಿ. ಆಧಾರಲ್ಲಿ ಹೆಸರು ಹೇಗಿದೆ ಅಂತಲೂ ಅವತ್ತೇ ನೋಡ್ಕೊಳ್ಳಿ, ಇವ್ರದು ವಂಶವೃಕ್ಷದಲ್ಲಿ ಒಂದು ಥರ ಆಧಾರಲ್ಲಿ ಒಂದು ಥರ ಇತ್ತು, ಅದಕ್ಕೆ ಅಫಿಡವಿಟ್ಟು.

ಶಿವರಾತ್ರಿ ಆಗಿ ಐದನೇ ದಿನಕ್ಕೆ ತಿದ್ದುಪಡಿ ಪತ್ರ ರಿಜಿಸ್ಟರ್ ಆಯ್ತು. ಕಾವೇರೀಲಿ ಕರಡು ಅಪ್‌ಲೋಡ್ ಮಾಡಿ, ಅವ್ರು ನೋಡಿ ಒಪ್ಪಿದ್ಮೇಲೆ ದುಡ್ಡು ಕಟ್ಟಿ, ಟೈಮ್ ಬುಕ್ ಮಾಡ್ಕೊಂಡು ಹೋಗೋದು, ಫೋಟೋ ಹೆಬ್ಬೆಟ್ಟು ಅಲ್ಲೇ. ಮೂರೂ ಜನ ಒಡಹುಟ್ಟಿದವ್ರು ಒಂದು ಬೆಂಚಲ್ಲಿ ಕೂತಿದ್ದು ಎಷ್ಟೋ ವರ್ಷದ ಮೇಲೆ ಅಂತೆ. ಮೊದ್ಲು ಮಾತಿಲ್ಲ, ಆಮೇಲೆ ತಮ್ಮ ಹೋಗಿ ಅಕ್ಕನಿಗೆ ಎಳನೀರು ತಂದ್ಕೊಟ್ರು. ಬಸ್ ಚಾರ್ಜು, ಎಲ್ಲರಿಗೂ ಊಟ, ಅಕ್ಕನಿಗೆ ಅರಿಶಿನ ಕುಂಕುಮದ ಜೊತೆ ಒಂದು ಸೀರೆ, ಎಲ್ಲಾ ಸೇರಿ ಈ ದಿಕ್ಕು ತಿದ್ದೋಕೆ ನಂಗೆ ಹತ್ತಿರ ಹತ್ತಿರ 14 ಸಾವಿರ ಆಯ್ತು. ಮೇಷ್ಟ್ರು ಅರ್ಧ ಕೊಡ್ತೀನಿ ಅಂದ್ರು, ಕೊಟ್ರು ಕೂಡ.

ಆಮೇಲೆ ಇ-ಖಾತಾದಲ್ಲಿ ಚಕ್ಕುಬಂದಿ ಸರಿ ಮಾಡ್ಸೋಕೆ ಹನ್ನೆರಡು ದಿನ. ಅಷ್ಟರಲ್ಲಿ ಕರಾರು ಮುಗಿಯೋಕೆ ಬಂತು. ಮೇಷ್ಟ್ರಿಗೆ ಫೋನ್ ಮಾಡಿ ಸ್ವಲ್ಪ ಮುಂದಕ್ಕೆ ಹಾಕ್ಕೊಡಿ ಅಂತ ಕೇಳೋಕೆ ಬಾಯಿ ಬರ್ಲಿಲ್ಲ, ಅವ್ರೇ ಫೋನ್ ಮಾಡಿ "ದಿನ ಆಯ್ತು ಅಂತ ಗಾಬರಿಯಾಗ್ಬೇಡ, ನಾನೇನು ಓಡಿ ಹೋಗಲ್ಲ, ಆದ್ರೂ ಒಂದು ಸಾಲು ಬರ್ಕೊಂಡು ಇಬ್ರೂ ಸಹಿ ಹಾಕೋಣ" ಅಂದ್ರು. ಬರ್ಕೊಂಡ್ವಿ. ಆದ್ರೆ ಬೇಕಾಗ್ಲಿಲ್ಲ, ಮಾರ್ಚ್ 9ಕ್ಕೇ ಕ್ರಯ ಆಯ್ತು, ಕರಾರು ಮುಗಿಯೋಕೆ ಒಂದೇ ದಿನ ಉಳ್ದಿತ್ತು.

ದುಡ್ಡಿನ ಲೆಕ್ಕ ಕೇಳ್ತಾರೆ ಎಲ್ಲಾರೂ, ಹೇಳ್ಬಿಡ್ತೀನಿ. ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಅದ್ರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ 5.6, ರಿಜಿಸ್ಟ್ರೇಷನ್ ಫೀ ಮುಂಚೆ 1 ಪರ್ಸೆಂಟ್ ಇದ್ದಿದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು 7.6. ನಮ್ಮ 46 ಲಕ್ಷಕ್ಕೆ 3 ಲಕ್ಷ 49 ಸಾವಿರದ 600. ಹಳೇ ಲೆಕ್ಕದಲ್ಲಿ 6.6 ಅಂತ ಹೇಳೋರ ಮಾತು ಕೇಳಿ ದುಡ್ಡು ಹೊಂದಿಸ್ಬೇಡಿ, ನಾನು ಹಾಗೇ ಹೊಂದಿಸಿ ಕೊನೇಲಿ 46 ಸಾವಿರಕ್ಕೆ ಭಾವಮೈದನಿಗೆ ಫೋನ್ ಮಾಡಿದ್ದು. ಲಾಯರ್‌ಗೆ 5 ಸಾವಿರ, ಬ್ಯಾಂಕಿನ ಪ್ರೊಸೆಸಿಂಗು ವ್ಯಾಲ್ಯುಯೇಷನ್ನು ಬೇರೆ. ಪತ್ರ ಅಡ ಇಟ್ಟಿದ್ದಕ್ಕೂ ಒಂದು ರಿಜಿಸ್ಟ್ರೇಷನ್ ಇರುತ್ತೆ, ಅದಕ್ಕೂ ಖರ್ಚು, ಅದನ್ನ ಯಾರೂ ಮೊದ್ಲೇ ಹೇಳಲ್ಲ. ಮನೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಕೊಳ್ಳೋರು 1 ಪರ್ಸೆಂಟ್ ಟಿಡಿಎಸ್ (ಇದು ನೀರಿಂದಲ್ಲ, ಮಾರೋರ ಆದಾಯ ತೆರಿಗೆದು) ಹಿಡ್ದು ಕಟ್ಬೇಕು, ನಮ್ಗೆ ಅದು ಬರ್ಲಿಲ್ಲ.

ಇನ್ನೊಂದು ಸಣ್ಣದು, ಆದ್ರೆ ತಲೆ ತಿನ್ನುತ್ತೆ. ಮೇಷ್ಟ್ರ ಗೃಹಜ್ಯೋತಿ ಆ ಮೀಟ್ರಿಗೇ ಲಿಂಕ್ ಆಗಿತ್ತು. ಅವ್ರು ಅದನ್ನ ಡಿಲಿಂಕ್ ಮಾಡಿದ್ರೆ ಮಾತ್ರ ನಾವು ನಮ್ಮ ಹೆಸರಿಗೆ ಹಾಕ್ಕೊಬೋದು, ಅವ್ರ ಆಧಾರ್ ಓಟಿಪಿ ಬೇಕು. ಮೇಷ್ಟ್ರು ಬೆಂಗ್ಳೂರಿಗೆ ಹೋದ್ಮೇಲೆ ನೆನಪಾಯ್ತು. ಬೀಗದ ಕೈ ಇಸ್ಕೊಳ್ಳೋ ದಿನವೇ ಇದನ್ನೂ ಮುಗಿಸ್ಕೊಳ್ಳಿ. ಬೆಸ್ಕಾಂ ಬಿಲ್ಲು, ಕಂದಾಯ, ನೀರಿನ ಬಿಲ್ಲು, ಮೂರೂ ಬಾಕಿ ಇಲ್ಲ ಅಂತ ರಸೀದಿ ಕೈಗೆ ತಗೊಳ್ಳಿ.

ಮೇಷ್ಟ್ರು ಹೋಗೋ ದಿನ ಬಿರುಕಿನ ಮೇಲಿದ್ದ ಗಾಜಿನ ಪಟ್ಟಿ ತೆಗೀಬೇಡ ಅಂದ್ರು. ಯಾಕೆ ಅಂದ್ರೆ ಸುಮ್ನೆ ಅಂದ್ರು. ಬಿಟ್ಟಿದೀನಿ.

ಯುಗಾದಿ ಕಳೆದು ಹಾಲು ಉಕ್ಕಿಸಿದ್ವಿ. ಆ ವಾರದಲ್ಲೇ ರಾಮನವಮಿ, ಬೀದಿಯವ್ರು ಪೆಂಡಾಲ್ ಹಾಕಿ ಪಾನಕ ಕೋಸಂಬರಿ ಹಂಚ್ತಿದ್ರು, ಹೊಸಬ್ರು ಅಂತ ನನ್ನನ್ನೂ ಕರೆದು ಲೋಟ ಎತ್ತಿ ಕೊಡೋ ಕೆಲ್ಸಕ್ಕೆ ನಿಲ್ಸಿದ್ರು. ನನ್ನ ಕೆಲ್ಸ ಏನು ಅಂತ ಗೊತ್ತಾಗಿದ್ದೇ ತಡ, ಪಾನಕದ ಲೈನಲ್ಲೇ ಒಬ್ರು ಬಂದು ನಮ್ಮ ಬಾಲ್ಕನಿ ಒಂದ್ಸಲ ನೋಡ್ತೀರಾ ಅಂತಾರೆ, ಇನ್ನೊಬ್ರು ಮೊಬೈಲಲ್ಲಿ ಗೋಡೆ ಫೋಟೋ ತೋರಿಸ್ತಾರೆ. ಸಾಯಂಕಾಲದೊಳಗೆ ಆರು ಮನೆ ನೋಡಿದೆ, ಫೀಸ್ ಕೇಳೋಕಾಗುತ್ತಾ, ಎರಡು ಮನೇಲಿ ಅರ್ತಿಂಗ್ ಇರ್ಲಿಲ್ಲ, ಅವ್ರಿಗೆ ನನ್ನ ಎಲೆಕ್ಟ್ರಿಷಿಯನ್ ನಂಬರ್ ಕೊಟ್ಟೆ. ಆರೂ ಮನೇಲಿ ಹೊರಡೋಕೆ ಮುಂಚೆ ನಿಮ್ಮ ಕ್ರಯಪತ್ರದಲ್ಲಿ ರಸ್ತೆ ಯಾವ ದಿಕ್ಕಿಗಿದೆ ಒಂದ್ಸಲ ನೋಡ್ಕೊಳ್ಳಿ ಅಂದೆ, ಎಲ್ಲರೂ ನಕ್ರು. ಮಾರನೇ ದಿನ ಬೆಳಿಗ್ಗೆ ಮೂರನೇ ಮನೆಯವ್ರು ಜೆರಾಕ್ಸ್ ಹಿಡ್ಕೊಂಡು ಗೇಟ್ ಹತ್ರ ನಿಂತಿದ್ರು, ಅದೇ ಲೇಔಟು, ಅದೇ ವರ್ಷ, ಅದೇ ಕೈಬರಹ.

ಕೊರಟಗೆರೆ ಅಣ್ಣನ ನಂಬರ್ ಕೊಟ್ಟಿದೀನಿ. ತಮ್ಮ ಫೋನ್ ಎತ್ತಲ್ಲ ಅಂತಲೂ ಹೇಳಿದೀನಿ.